ಪಕ್ಕಾ ಕೋಣೆಗೆ ಹೋದ ಕಚ್ಚಾ ಮಾಲು

ಹಗಲುಗನಸಿನ ಚಟವಿರುವವನಿಗೆ ಯಾವ ಕೆಲಸ ಬೇಕಾದರೂ ಕೊಡಬಹುದು, ನನ್ನ ಕೆಲಸವೊಂದನ್ನು ಬಿಟ್ಟು. ಯಾದಗಿರಿ ಸ್ಟೇಷನ್ನಿನ ಹತ್ತಿರ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಆಫೀಸು. ಹತ್ತಿ ಮಿಲ್ಲುಗಳ ತೂಕದ ಸಾಫ್ಟ್‌ವೇರ್ ಅಲ್ಲಿ ತಯಾರಾಗುತ್ತದೆ. ಬರೆಯುವವರು ಬೇರೆ, ಸಿದ್ಧವಾದದ್ದಕ್ಕೆ ನಂಬರು ಕೊಟ್ಟು ಉಗ್ರಾಣಕ್ಕೆ ಸೇರಿಸುವವನು ನಾನು. ಉಗ್ರಾಣವೂ ಕಂಪ್ಯೂಟರಿನೊಳಗೇ ಇದೆ, ರೆಪಾಸಿಟರಿ ಎನ್ನುತ್ತಾರೆ. ಅದರಲ್ಲಿ ಎರಡು ಕೋಣೆ. ಕಚ್ಚಾ ಕೋಣೆಯ ಮಾಲನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಪಕ್ಕಾ ಕೋಣೆಗೆ ಹೋಯಿತೋ, ಮುಗಿಯಿತು. ಮಿಲ್ಲುಗಳು ಅಲ್ಲಿಂದ ತಾವಾಗಿಯೇ ಎತ್ತಿಕೊಳ್ಳುತ್ತವೆ. ತಪ್ಪಿದ್ದರೆ ಮುಂದಿನ ನಂಬರಿನಲ್ಲಿ ತಿದ್ದಿ ಇಡಬೇಕೇ ಹೊರತು ಹಳೆಯದನ್ನು ಮುಟ್ಟುವಂತಿಲ್ಲ.

ಆ ವಾರ ನನ್ನ ಜೀವ ಶಹಾಪುರದಲ್ಲಿತ್ತು. ಅಲ್ಲಿನ ಮಿಲ್ಲಿನಲ್ಲಿ ತೂಕದ ಕಂಪ್ಯೂಟರ್ ನೋಡಿಕೊಳ್ಳುವ ಮಹಾದೇವಿಯನ್ನು ನಮ್ಮವ್ವ ನನಗೆ ಕೇಳಿ ಬಂದಿದ್ದಳು. ಆಕೆ ಇನ್ನೂ ಒಪ್ಪಿರಲಿಲ್ಲ. ರವಿವಾರ ಬನ್ನಿ, ಹೇಳುತ್ತೇವೆ ಎಂದಿದ್ದರು. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಉಂಡು ಕೂತಿದ್ದೆ. ಭೀಮೆಯ ಕಡೆಯಿಂದ ತಣ್ಣಗೆ ಗಾಳಿ. ಮುಂಬೈ ರೈಲು ಹೊರಟಿತು, ನಾನೂ ಹತ್ತಿದೆ. ಕಿಟಕಿಯ ಪಕ್ಕ ಮಹಾದೇವಿ, ಆಕೆಯ ಮಡಿಲಲ್ಲಿ ಹತ್ತಿಯಂಥ ಮೋಡ. ರೈಲು ದೂರವಾಗುವಷ್ಟರಲ್ಲಿ ನನ್ನ ಬೆರಳು, ಇನ್ನೂ ಪರೀಕ್ಷೆ ಮುಗಿಯದ 4.2 ನಂಬರಿನ ಮಾಲನ್ನು ಪಕ್ಕಾ ಕೋಣೆಗೆ ದಾಟಿಸಿಬಿಟ್ಟಿತ್ತು.

ಸ್ವಲ್ಪ ಹೊತ್ತಿಗೆ ಫೋನು. ಮಹಾದೇವಿಯೇ.

"ಖಾಲಿ ಗಾಡಿ ನಾಕ್ ಕ್ವಿಂಟಲ್ ತೋರಿಸ್ಲಾಕತ್ತದ್ರಿ. ಗಾಳಿನೂ ತೂಗ್ತೀರೇನು ಅಂತ ರೈತ್ರು ನಗ್ಲಾಕತ್ತಾರ."

ಪರೀಕ್ಷೆಗೆಂದು ನಾವೇ ಹಾಕಿದ್ದ ಸುಳ್ಳು ತೂಕ ಅದು. ಓಡಿಹೋಗಿ ನಮ್ಮ ಆಫೀಸಿನ ಮಾಲಕರಿಗೆ ಹೇಳಿದೆ. ಅವರು ಮಾತ್ರ ನಿರಾಳ: "ನಂಬರ್ ಅದೇ ಇರ್ಲಿ, ಒಳಗಿಂದು ಬದಲ್ ಮಾಡ್ರಿ. ಯಾರಿಗ್ ಗೊತ್ತಾಗ್ತದ?"

ಆಸೆಯಾಯಿತು, ಸುಳ್ಳೇಕೆ. ಆದರೆ ಹಾಗೆ ಮಾಡಿದರೆ ಆಗಲೇ ಎತ್ತಿಕೊಂಡ ಶಹಾಪುರದ 4.2 ಒಂದು, ಆಮೇಲೆ ಎತ್ತಿಕೊಳ್ಳುವ ಸುರಪುರದ ಮಿಲ್ಲಿನ 4.2 ಇನ್ನೊಂದು. ನಾಳೆ ತೂಕದ ಜಗಳವಾದರೆ ಯಾವುದನ್ನು ನಂಬುವುದು? "ಆಗಂಗಿಲ್ರಿ" ಎಂದೆ. ತಿದ್ದಿದ್ದಕ್ಕೆ 4.3 ಎಂದು ನಂಬರು ಕೊಟ್ಟು ಪಕ್ಕಾ ಕೋಣೆಗೆ ಬಿಟ್ಟು, ಮಹಾದೇವಿಗೆ ಫೋನು ಮಾಡಿ, "ತಪ್ಪು ನಂದೇರಿ, ಹೊಸಾದು ಹಾಕ್ಕೊಳ್ರಿ" ಎಂದೆ.

"ಗೊತ್ತದ್ರಿ" ಎಂದು ಫೋನಿಟ್ಟಳು. ಆ ಮಾತಿನಲ್ಲಿ ಒಪ್ಪಿಗೆ ಹುಡುಕುತ್ತ ರವಿವಾರದವರೆಗೆ ನಿದ್ದೆಗೆಟ್ಟೆ.

ರವಿವಾರ ನಮ್ಮೂರು ಸುರಪುರದಿಂದ ಅವ್ವನ ಜೊತೆ ಶಹಾಪುರಕ್ಕೆ ಹೋದೆ. ಅವರ ಮನೆಯ ಕಿಟಕಿಯಲ್ಲಿ ಶಹಾಪುರದ ಗುಡ್ಡ, ಮಲಗಿದ ಬುದ್ಧನ ಹಾಗೆ ಕಾಣುತ್ತಿತ್ತು. ಹಿರಿಯರು ಆಕೆಯನ್ನು ಕೇಳುತ್ತಿದ್ದರು. ಒಪ್ಪಿಬಿಟ್ಟರೆ ಇಬ್ಬರೂ ಆ ಗುಡ್ಡ ಹತ್ತಬೇಕು, ಮೇಲೆ ಕೂತು ಬುತ್ತಿ ಬಿಚ್ಚಬೇಕು ಎಂದುಕೊಳ್ಳುತ್ತಿದ್ದೆ. ಅರ್ಧ ಹತ್ತಿದ್ದೆ ಕೂಡ. ಅಷ್ಟರಲ್ಲಿ ಬಾಯಿ ಸಿಹಿಯಾಯಿತು. ಅವ್ವ ಸಕ್ಕರೆ ತುರುಕಿದ್ದಳು. ನಮ್ಮ ಕಡೆ ಸಕ್ಕರೆ ಬಾಯಿಗೆ ಬಿತ್ತೆಂದರೆ ಸಂಬಂಧ ಗಟ್ಟಿ.

ಆಕೆ 'ಹೂಂ' ಎಂದದ್ದನ್ನು ಮನೆಯವರೆಲ್ಲ ಕೇಳಿದ್ದಾರೆ, ಪಕ್ಕದ ಮನೆಯವರೂ ಕೇಳಿದ್ದಾರಂತೆ. ನಾನೊಬ್ಬ ಕೇಳಿಲ್ಲ. ಈಗಲೂ ಒಮ್ಮೊಮ್ಮೆ, ಇನ್ನೊಂದು ಸಲ ಅನ್ನು ಎಂದು ಗೋಗರೆಯುತ್ತೇನೆ. ರೊಟ್ಟಿ ತಟ್ಟುತ್ತಲೇ ಹೇಳುತ್ತಾಳೆ:

"ಅದೇ ನಂಬರ್ ಎರಡ್ ಸಲ ಬಿಡಂಗಿಲ್ರಿ."