ಚೀಲದ ತಳದ ಮನೆ

ದಾರಿ ತಪ್ಪುವುದು ಸುಲಭ. ತಪ್ಪಿದೆ ಎಂದು ಒಪ್ಪಿಕೊಳ್ಳುವುದೇ ಕಷ್ಟ. ಇದನ್ನು ನಾನು ಓದಿ ಕಲಿತದ್ದಲ್ಲ, ನನ್ನ ಅಕ್ಷರ ಅಷ್ಟಕ್ಕಷ್ಟೆ. ಗೋಕಾಕದ ನಮ್ಮ ಓಣಿಯ ಕೊನೆಯ ಮನೆಯಲ್ಲಿ ನಲವತ್ತು ವರ್ಷ ಕೂತು ಕಲಿತದ್ದು. ಓಣಿ ನಮ್ಮ ಬಾಗಿಲಿಗೇ ಮುಗಿಯುತ್ತದೆ. ಹಿತ್ತಲ ಗೋಡೆಯಾಚೆ ಸಂತೆ. ಅದರ ಗದ್ದಲ ಕೇಳಿ, ಇದೇ ಹತ್ತಿರದ ದಾರಿಯೆಂದು ನಾಗನೂರ ಕಡೆಯ ಗಾಡಿಗಳು ನುಗ್ಗುತ್ತವೆ.

"ಯಮ್ಮಾ, ಈ ದಾರಿ ಎಲ್ಲಿಗೆ ಹೊಕ್ಕೈತಿ?"

"ಎಲ್ಲಿಗೂ ಹೋಗಂಗಿಲ್ಲೋ. ನನ್ನಂಗ ಇಲ್ಲೇ ಬಿದ್ದೈತಿ."

ಆಮೇಲೆ ಎತ್ತು ಬಿಚ್ಚಬೇಕು, ನೊಗ ಎತ್ತಿ ಗಾಡಿಯನ್ನು ಕೈಯಿಂದಲೇ ತಿರುಗಿಸಬೇಕು. ಗಾಲಿ ನನ್ನ ಕಟ್ಟೆಯ ಮೂಲೆ ಕೆಡವುತ್ತದೆ. ನಾನು ಬೈಯುತ್ತ ಮಣ್ಣು ಮೆತ್ತುತ್ತೇನೆ. ಮುಂದಿನ ಸಂತೆಗೆ ಮತ್ತೆ ಅದೇ.

ಸಾಕಾಗಿ, ಓಣಿಯ ಬಾಯಿಗೆ 'ಮುಂದೆ ದಾರಿಯಿಲ್ಲ' ಎಂಬ ಒಂದು ಹಲಗೆ ಹಾಕಿರೆಂದು ಅರ್ಜಿ ಬರೆಸಿ ಕಚೇರಿಗೆ ಹೋಗಿ ಕೊಟ್ಟೆ. ಹಲಗೆ ಬರಲಿಲ್ಲ, ಅಳತೆಯ ಸರಪಳಿ ಹಿಡಿದು, ಗಾಡಿ ಏರಿ ಓವರ್‌ಸಿಯರ್ ಬಂದ.

"ಅಜ್ಜಿ, ಇಂಥಾ ಓಣಿಗೆ ಇಂಗ್ರೇಜರು ಕಲ್-ಡ-ಸ್ಯಾಕ್ ಅಂತಾರ. ಮಾತು ಅವರದಲ್ಲ, ಫ್ರೆಂಚರದು. ಚೀಲದ ತಳಾ ಅಂತ ಅರ್ಥ. ಖರೆ ಹೇಳಬೇಕಂದ್ರ, ತಳಾ ಅಲ್ಲ..." ಎಂದು ಕೆಮ್ಮಿದ.

"ಕುಂಡಿ ಅನ್ರಿ. ನಾಚಿಕಿ ಯಾಕ? ನಲವತ್ತು ವರ್ಷ ಅದರಾಗ ಕುಂತೀನಿ."

ಅವನು ಹಿತ್ತಲಿಗೆ ಹೋಗಿ ಗೋಡೆ ತಟ್ಟಿದ. "ಇದನ್ನ ಒಡದ್ರ ಓಣಿ ನಿಮ್ಮ ಮನಿ ಮಗ್ಗಲಿಂದ ಸೀದಾ ಸಂತಿಗೆ ಕೂಡತೈತಿ. ನಿಮ್ಮ ತ್ರಾಸೂ ಹೋಗತೈತಿ."

ಆ ಗೋಡೆಗೆ ಒರಗಿಯೇ ನನ್ನ ಎಮ್ಮೆಯ ಗೋದಲಿ ಇದೆ. ಗಂಡ ಸತ್ತ ಮೇಲೆ ನನಗೆ ಅನ್ನ ಹಾಕಿದ್ದು ಮಕ್ಕಳಲ್ಲ, ಆ ಎಮ್ಮೆ.

"ಎಮ್ಮಿ ಎಲ್ಲಿ ಕಟ್ಲಿ? ನಿಮ್ಮ ಕಚೇರ್ಯಾಗ?"

"ಅರ್ಜಿ ನೀವ ಕೊಟ್ಟೀರಲ್ರಿ!"

"ಕೇಳಿದ್ದು ಹಲಗಿ. ಚೀಲದ ತಳಾ ಹರದ್ರ ಒಳಗ ಕಾಳು ನಿಲ್ತಾವೇನ್ರಿ?"

ಅವನು ಏನೋ ಬರೆದುಕೊಂಡು ಗಾಡಿ ಏರಿದ. ಗಾಡಿ ತಿರುಗಲಿಲ್ಲ. "ಸಾಹೇಬ್ರ, ಇಳೀರಿ. ಟೊಪ್ಪಿಗಿ ಕಟ್ಟಿ ಮ್ಯಾಲ ಇಡ್ರಿ, ನೊಗಕ್ಕ ಕೈ ಹಚ್ರಿ" ಎಂದೆ. ಗಾಡಿಯವನು, ಸಾಹೇಬ, ನಾನು ಮೂವರೂ ಹೆಣಗಿದೆವು. ಗಾಲಿ ತನ್ನ ಪದ್ಧತಿಯಂತೆ ಕಟ್ಟೆಯ ಮೂಲೆ ತಿಂದಿತು. ಬೆವರು ಒರೆಸಿಕೊಂಡು ಅವನು ಕೇಳಿದ:

"ಅರ್ಜಿ ವಾಪಸ್ ತಗೊಂತೀರೇನು? ಹಂಗಾದ್ರ ಗ್ವಾಡಿ ಉಳಿತೈತಿ. ಹಲಗೀನೂ ಬರಂಗಿಲ್ಲ ಮತ್ತ."

ಅಲ್ಲೇ ಗಾಡಿಯ ಮೇಲೆ ಕಾಗದ ಇಟ್ಟು, ಗೊತ್ತಿದ್ದ ನಾಲ್ಕು ಅಕ್ಷರದಲ್ಲಿ ಸಹಿ ಗೀಚಿದೆ.

ಮುಂದಿನ ಸಂತೆಗೆ ಮತ್ತೊಂದು ಗಾಡಿ ಬಂತು. ಬೈಯಲು ಬಾಯಿ ತೆರೆದೆ. ಒಳಗೆ ಎಮ್ಮೆ ಕೂಗಿತು. ಬಾಯಿ ಮುಚ್ಚಿಕೊಂಡು ನೊಗಕ್ಕೆ ಕೈ ಹಚ್ಚಿದೆ. "ದಾರಿ ತಪ್ಪಿಲ್ಲ ಯಮ್ಮಾ, ಸುಮ್ಮ ನೋಡಾಕ ಬಂದೆ" ಎಂದ ಗಾಡಿಯವನು. ನಾನೂ ಅರ್ಜಿ ಹಿಡಿದು ಕಚೇರಿಯ ಕಡೆ ಸುಮ್ಮನೆ ಹೋಗಿ ಬಂದವಳೇ ತಾನೆ?