ಮಾಂಜ್ರಾ ನದಿಗೆ ಹಸಿರು ಬಣ್ಣ

ಮಳಿಗಾಲ ಬಂತಂದ್ರ ಮಾಂಜ್ರಾ ನದಿಗೆ ನೀರು ಬರ್ತದ, ಬೀದರದಾಗಿನ ನಮ್ಮ ಆಫೀಸಿಗೆ ಹುಚ್ಚು ಬರ್ತದ. ಪ್ರತಿ ವರ್ಷ ಇದೇ ಹಾಡು. ನನ್ನ ಕೆಲಸ ಏನಂದ್ರ, ಸ್ಯಾಟಲೈಟ್ ಕಳಿಸಿದ ಚಿತ್ರ ನೋಡಿ, ನದಿ ಎಲ್ಲೆಲ್ಲಿ ದಂಡಿ ಮೀರ್ಯದ ಅಂತ ನಕಾಶಿ ಮಾಡಿ ಕೊಡೋದು. ಅದನ್ನ ನೋಡಿ ಸಾಹೇಬ್ರು ಮಂದಿಗೆ ಎಚ್ಚರಿಕಿ ಕೊಡಬೇಕು, ನದಿ ದಾಟೋ ಪೂಲು ಬಂದ್ ಮಾಡಿಸಬೇಕು. ಭಾಲ್ಕಿ ಕಡಿ ನಮ್ಮ ಮಾವಶಿ, ಅಂದ್ರ ನಮ್ಮವ್ವನ ತಂಗಿ, ಇರೋ ಊರಿನ ಪೂಲು ಭಾಳ ತಗ್ಗು. ಹೋದ ವರ್ಷ ಸಾಹೇಬ್ರು ಬಂದ್ ಮಾಡಿಸಲಿಲ್ಲ. ಮಾವಶಿ ಎಮ್ಮಿ ಹೊಡ್ಕೊಂಡು ದಾಟಲಿಕ್ಕ ಹೋದಳು. ಎಮ್ಮಿ ಕೊಚ್ಚಿಕೊಂಡು ಹೋಯ್ತು, ಆಕಿ ಪೂಲಿನ ಕಲ್ಲು ಹಿಡ್ಕೊಂಡು ಉಳದಳು. ಅವತ್ತಿಂದ ಈ ನಕಾಶಿ ನನಗ ಬರೇ ನೌಕರಿ ಅಲ್ಲ.

ಮೋಡ

ಈ ಸಲ ಮೊದಲ ಜೋರು ಮಳಿ ಬಿದ್ದಾಗ ಬಂದ ಚಿತ್ರ ಪೂರಾ ಬೆಳ್ಳಗಿತ್ತು. ಸಾಹೇಬ್ರು ಕೇಳಿದ್ರು, "ಮೇಡಂ, ನದಿ ಎಲ್ಲದ?"

"ಮೋಡದ ಕೆಳಗದರಿ."

"ಮೋಡ ತಗದು ಕೊಡ್ರಿ. ಮಧ್ಯಾಹ್ನ ಮೀಟಿಂಗ್ ಅದ."

"ಮೋಡ ನನ್ನ ಕೈಯಾಗ ಇಲ್ಲರಿ ಸಾಹೇಬ್ರ. ರಡಾರ್ ಸ್ಯಾಟಲೈಟ್ ಅಂತ ಬ್ಯಾರೆ ಅದ, ಅದಕ್ಕ ಮೋಡ ಅಡ್ಡ ಬರಂಗಿಲ್ಲ. ಅದರ ಚಿತ್ರ ನಾಳಿ ಸಿಗ್ತದರಿ."

"ನಾಳಿ ಗೀಳಿ ನಡಿಯಂಗಿಲ್ಲ. ಮೋಡ ಯಾರ ಕೈಯಾಗ ಅದ ಹೇಳ್ರಿ, ಅವರಿಗೊಂದು ಪತ್ರ ಬರದು ಜಲ್ದಿ ಕಳಿಸ್ರಿ."

ದೋಣಿ

ರಡಾರ್ ಚಿತ್ರದಾಗ ನೀರು ಕರ್ರಗ ಕಾಣ್ತದ. ಆದ್ರ ನುಣ್ಣನ ನೆಲಾನೂ ಕರ್ರಗೇ ಕಾಣ್ತದ. ಔರಾದದಾಗ, ನದಿಯಿಂದ ದೂರ, ಹಂಥಾದೊಂದು ಕರಿ ಕಲೆ ಕಂಡಿತ್ತು. "ಇದು ನೀರಲ್ಲ ಅನಸ್ತದರಿ. ನಾ ಹೋಗಿ ನೋಡಿ ಬರ್ತೇನಿ, ಅಲ್ಲಿ ತನಕ ಸುಮ್ಮನಿರ್ರಿ" ಅಂತ ಸಾಹೇಬ್ರಿಗೆ ಬಾಯಿ ಬಡಕೊಂಡು ಹೇಳಿ ಬಸ್ ಹತ್ತಿದೆ. ಔರಾದಿಗೆ ಬಸ್ ಬಿಟ್ರ ಗತಿ ಇಲ್ಲ. ನಿಂತು ನಿಂತು ಕಾಲು ಸೋತು, ಇಳದು ನೋಡಿದ್ರ, ಅದು ಕಾಳಿನ ಬಜಾರದ ಸಿಮೆಂಟ್ ಅಂಗಳ. ಅದರ ನಟ್ಟನಡುವ, ಹೆಸರಕಾಳಿನ ಚೀಲಗಳ ಸಂದ್ಯಾಗ, ಒಂದು ದೋಣಿ! ಕರಿ ಕಲೆ ನೀರೇ ಅಂತ ತಿಳದು ಸಾಹೇಬ್ರು ಲಾರಿಯಾಗ ಹಾಕಿ ನನಗಿಂತ ಮೊದಲ ಕಳಿಸಿಬಿಟ್ಟಿದ್ರು. ನಮ್ಮ ಆಫೀಸಿಗೆ ಇದ್ದದ್ದೇ ಅದೊಂದು ದೋಣಿ, ಅದನ್ನ ಮಾವಶಿ ಊರಿಗೆ ಕಳಿಸ್ರಿ ಅಂತ ಕೇಳಿ ಕೇಳಿ ನಾ ಹೈರಾಣಾಗಿದ್ದೆ. ಮೈಯೆಲ್ಲಾ ಉರೀತು. ಅಷ್ಟರಾಗ ಒಬ್ಬ ವ್ಯಾಪಾರಿ ದೋಣಿ ಮ್ಯಾಲ ಕೈಯಾಡಿಸಿ ಕೇಳ್ದ, "ಬಾಯಾರ, ಇದರ ಲಿಲಾವು ಕಾಳಿಗಿಂತ ಮೊದಲ ಕೂಗೋಣೋ, ಆಮ್ಯಾಲ ಕೂಗೋಣೋ?"

ಹಸಿರು

ಅದೇ ವಾರ ಮ್ಯಾಲಿನ ಡ್ಯಾಮಿಂದ ನೀರು ಬಿಟ್ರು. ಮುಂಜಾನಿ ಬಂದ ರಡಾರ್ ಚಿತ್ರದಾಗ ಮಾವಶಿ ಊರು ದಾಟಿದ ಕೂಡ್ಲೆ ಸಿಗೋ ಪೂಲು, ಹಾದಿ, ಎಲ್ಲಾ ನೀರಾಗ. ನೀರಿಗೆ ಕೆಂಪು ಬಣ್ಣ ಹಚ್ಚಿ, ಓಡಿ ಹೋಗಿ ಕೊಟ್ಟೆ.

"ಏನ್ರಿ ಇಷ್ಟು ಕೆಂಪು? ಮಂತ್ರಿಗಳು ಬರ್ಲಿಕತ್ಯಾರ, ನೋಡಿ ಗಾಬರಿ ಆಗ್ತಾರ. ಹಸಿರು ಮಾಡ್ರಿ."

"ಹಸಿರು ನೋಡಿದ್ರ ಹಾದಿ ಬರೋಬರಿ ಅದ ಅಂತ ತಿಳೀತಾರ ಸಾಹೇಬ್ರ. ಮೊದಲ ಪೂಲು ಬಂದ್ ಮಾಡಿಸ್ರಿ!"

"ಹಸಿರು ಕಣ್ಣಿಗೆ ತಂಪು. ಮಾಡ್ರಿ ಅಂದ್ರ ಮಾಡ್ರಿ."

ಹಲ್ಲು ಕಡಕೋತ ಹಸಿರು ಮಾಡಿದೆ. ಬಾಜೂಕ "ಹಸಿರು ಅಂದ್ರ ನೀರು" ಅಂತ ಬರದೆ. ಅದನ್ನೂ ಅಳಿಸಿಸಿದ್ರು, ನಕಾಶಿ ಅಂದ ಕೆಡ್ತದಂತ. ಥೂ! ಹೊರಗ ಬಂದು ಮಾವಶಿಗೆ ಫೋನ್ ಹಚ್ಚಿ, ಪೂಲಿನ ಮ್ಯಾಲ ಯಾರನ್ನೂ ಬಿಡಬ್ಯಾಡ ಅಂದೆ. ಆಕಿ ಓಣಿ ಮಂದಿನ್ನೆಲ್ಲಾ ಕರಕೊಂಡು ಹೋಗಿ ಹಾದಿಗೆ ಜಾಲಿ ಮುಳ್ಳು ಹಚ್ಚಿಸಿದಳು. ಊರಿನ ಒಂದು ಕರಾನೂ ನೀರಿಗೆ ಇಳೀಲಿಲ್ಲ.

ಮಧ್ಯಾಹ್ನ ಮಾವಶಿ ಫೋನ್ ಬಂತು. "ನಿಮ್ಮ ಸಾಹೇಬ ಬಂದಿದ್ದ, ಮಂತ್ರಿ ಬರೋ ಹಾದಿ ನೋಡಲಿಕ್ಕ. ಬ್ಯಾಡ್ರೀ ಯಪ್ಪಾ, ನದಿ ಏರ್ಯದ ಅಂದ್ರ ಕೇಳಲಿಲ್ಲ. ನಕಾಶಿ ತಗದು, ಇಲ್ಲಿ ಹಸಿರದ, ಇದು ಬರೇ ನಿಂತ ಮಳಿ ನೀರು ಅಂದ. ಡ್ರೈವರ್ ಒಲ್ಲೆ ಅಂತ ಇಳದ, ತಾನೇ ಮುಳ್ಳು ಸರಿಸಿ ಜೀಪು ಹೊಡ್ಕೊಂಡು ಹ್ವಾದ. ಈಗ ಜೀಪಿನ ನೆತ್ತಿ ಮ್ಯಾಲ ಕುಂತಾನ. ನಮ್ಮವರು ಟ್ರ್ಯಾಕ್ಟರ್ ತರ್ಲಿಕ್ಕ ಹೋಗ್ಯಾರ, ಹಗ್ಗಾ ಹಾಕಿ ಎಳೀತೇವಿ ಬಿಡು."

ಆಕಿ ಇಟ್ಟ ಕೂಡ್ಲೆ ಸಾಹೇಬ್ರ ಫೋನ್. "ಮೇಡಂ! ಜಲ್ದಿ ದೋಣಿ ಕಳಿಸ್ರಿ!"

"ದೋಣಿ ಔರಾದ ಬಜಾರದಾಗ ಅದರಿ ಸಾಹೇಬ್ರ."

"ಅಯ್ಯಯ್ಯೋ! ಸ್ಯಾಟಲೈಟಿನಾಗರೆ ನೋಡ್ರಿ, ನಾ ಎಲ್ಲಿದ್ದೇನಿ?"

ನಕಾಶಿ ಮುಂದಿಟ್ಕೊಂಡು ಬರೋಬರಿ ನೋಡಿದೆ. "ಏನೂ ಫಿಕರ್ ಮಾಡಬ್ಯಾಡ್ರಿ ಸಾಹೇಬ್ರ. ನೀವು ಹಸಿರಿನಾಗೇ ಇದ್ದೀರಿ."