ಹದಿನಾಲ್ಕನೇ ಮೇಜಿನಲ್ಲಿ ‘ಸಾಕು’ ಎನ್ನುವುದರ ಬಗ್ಗೆ

ಗ್ರಾಹಕ ಚಲನವಲನ ವಿಭಾಗ
ವ್ಯಾಪಾರ ಸಂಕೀರ್ಣದ ಆಡಳಿತ ಕಚೇರಿ, ನಾಲ್ಕನೇ ಮಹಡಿ
(ಆಟಿಕೆ ಅಂಗಡಿಯ ಮೂಲಕವೇ ಬರತಕ್ಕದ್ದು, ಬೇರೆ ದಾರಿ ಇರುವುದಿಲ್ಲ)

ಸಂಖ್ಯೆ: ಗ್ರಾಚವಿ/ಕಣ್ಣು/14/ಮಧ್ಯಾಹ್ನ

ವಿಷಯ: ಊಟದ ಅಂಗಳದಲ್ಲಿ ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥಿಸುವುದು, ಹಾಗೂ ಕೊನೆಯಲ್ಲಿ ಎಲ್ಲರಿಗೂ ಕೇಳಿಸುವಂತೆ ‘ಸಾಕು’ ಎನ್ನುವುದನ್ನು ನಿಯಂತ್ರಿಸುವ ಕುರಿತು.

ಉಲ್ಲೇಖ:
(ಅ) ಮೇಜಿನ ಜಾಹೀರಾತು ಪರದೆಗಳ ಗುತ್ತಿಗೆದಾರರ ದೂರು.
(ಆ) ದೊಡ್ಡಮ್ಮನಿಗೆ ನೀಡಿದ ನೋಟಿಸು.
(ಇ) ದೊಡ್ಡಮ್ಮ ಸದರಿ ನೋಟಿಸಿನಲ್ಲಿ ಮೊಟ್ಟೆ ಸಿಪ್ಪೆ ಕಟ್ಟಿ ಬುಟ್ಟಿಗೆ ಹಾಕಿದ ನಂತರ ನೀಡಿದ ಮೌಖಿಕ ವಿವರಣೆ.

ಎರಡನೇ ಮಹಡಿಯ ನೆಲ ಒರೆಸುವ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಸಿಬ್ಬಂದಿಯು ದಿನವೂ ಮಧ್ಯಾಹ್ನ ಒಂದೂ ಕಾಲಿಗೆ ಹದಿನಾಲ್ಕನೇ ಮೇಜಿನಲ್ಲಿ ಡಬ್ಬಿ ಬಿಚ್ಚಿ, ಎರಡು ತುಂಡು ಬ್ರೆಡ್ಡು ಮತ್ತು ಒಂದು ಬೇಯಿಸಿದ ಮೊಟ್ಟೆಯ ಮುಂದೆ ಕಣ್ಣು ಮುಚ್ಚಿ, “ಸ್ತೋತ್ರ ತಂದೆ, ಇವತ್ತಿಗೆ ಇಷ್ಟು ಸಾಕು” ಎನ್ನುತ್ತಿರುವುದು ವಿಭಾಗದ ಗಮನಕ್ಕೆ ಬಂದಿರುತ್ತದೆ. ಈ ಅವಧಿಯಲ್ಲಿ ಮೂರು ಜಾಹೀರಾತುಗಳು ನೋಡುವವರಿಲ್ಲದೆ ಹಾದುಹೋಗುತ್ತಿವೆ. ಅದೂ ಹೋಗಲಿ ಎಂದರೆ, ಪಕ್ಕದ ಮೇಜಿನ ದಂಪತಿ ಆ ಮಾತು ಕೇಳಿ ಮುಖ ಮುಖ ನೋಡಿಕೊಂಡು, ನಾಲ್ಕನೇ ಸೂಟ್‌ಕೇಸು ಕೊಳ್ಳದೆ ಮನೆಗೆ ಹೋಗಿರುತ್ತಾರೆ. ಅವರು ಯಾವ ಊರಿಗೂ ಹೊರಟವರಾಗಿರಲಿಲ್ಲ ಎಂಬುದು ಈ ಕಚೇರಿಗೆ ಸಂಬಂಧಿಸಿದ್ದಲ್ಲ.

ದೊಡ್ಡಮ್ಮನನ್ನು ನೆಲಮಾಳಿಗೆಯ ವಾಹನ ನಿಲುಗಡೆಗೆ ವರ್ಗಾಯಿಸುವ ಆದೇಶ ಸಿದ್ಧವಿದ್ದು, ಅಧಿಕಾರಿಯ ಸಹಿ ಮಾತ್ರ ಬಾಕಿ ಇದೆ. ಅಲ್ಲಿ ದಿನವಿಡೀ ಹೊಗೆ ಎಂಬುದೂ, ಅವರಿಗೆ ಉಬ್ಬಸವಿದೆ ಎಂಬುದೂ ಒಂದೇ ಕಡತದ ಬೇರೆ ಬೇರೆ ಪುಟಗಳಲ್ಲಿ ದಾಖಲಾಗಿವೆ. ಈ ಮಧ್ಯೆ ಸರ್ವರಿಗೂ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

1. ಕಣ್ಣು ಮುಚ್ಚುವ ಅವಧಿ ಏಳು ಸೆಕೆಂಡು ಮೀರತಕ್ಕದ್ದಲ್ಲ. ಒಂದೇ ಕಣ್ಣು ಮುಚ್ಚುವವರಿಗೆ ಹದಿನಾಲ್ಕು ಸೆಕೆಂಡು ನೀಡಲಾಗುವುದು. ಯಾವ ಕಣ್ಣು ಎಂಬುದನ್ನು ಮುಂಚಿತವಾಗಿ ಲಿಖಿತದಲ್ಲಿ ತಿಳಿಸತಕ್ಕದ್ದು.

2. ದೇವರಲ್ಲಿ ಆಯಾ ದಿನದ ಆಹಾರವನ್ನಷ್ಟೇ ಕೇಳುವ ರೂಢಿ ಕ್ರೈಸ್ತರಲ್ಲಿ ಬಹುಕಾಲದಿಂದ ಇರುವುದು ಆತಂಕಕಾರಿ. ಇನ್ನು ಮುಂದೆ ಕನಿಷ್ಠ ಒಂದು ತಿಂಗಳಿನದನ್ನು ಒಟ್ಟಿಗೆ ಕೇಳತಕ್ಕದ್ದು. ಮೇಲಿನಿಂದ ಸರಬರಾಜು ತಡವಾದಲ್ಲಿ ನೆಲಮಹಡಿಯಲ್ಲಿ ಕುಟುಂಬ ಪ್ಯಾಕ್ ಲಭ್ಯವಿರುತ್ತದೆ.

3. ‘ನಂಬಿಕೆ’, ‘ನೆಮ್ಮದಿ’ ಹಾಗೂ ‘ಹೊಸ ಜೀವನ’ ಎಂಬ ಪದಗಳನ್ನು ಕ್ರಮವಾಗಿ ಫ್ರಿಜ್ ಅಂಗಡಿ, ಹಾಸಿಗೆ ಅಂಗಡಿ ಮತ್ತು ಕೂದಲಿಗೆ ಬಣ್ಣ ಹಚ್ಚುವ ಅಂಗಡಿಗೆ ಈಗಾಗಲೇ ಮಂಜೂರು ಮಾಡಲಾಗಿದೆ. ದೇವರೊಂದಿಗೆ ಮಾತನಾಡುವವರು ಬೇರೆ ಪದ ಹುಡುಕಿಕೊಳ್ಳತಕ್ಕದ್ದು.

4. ‘ಸಾಕು’ ಎಂಬುದರ ಬದಲು ‘ಸದ್ಯಕ್ಕೆ ಇರಲಿ’ ಎನ್ನತಕ್ಕದ್ದು. ತಾಯಂದಿರು ಮಕ್ಕಳಿಗೆ ‘ಸಾಕು ಮಾಡು ಗಲಾಟೆ’ ಎನ್ನಲು ವಿನಾಯಿತಿ ಇದೆ. ಆಟಿಕೆ ಅಂಗಡಿಯಿಂದ ಐವತ್ತು ಅಡಿಯೊಳಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

5. ಪರರಿಗಾಗಿ ಪ್ರಾರ್ಥಿಸುವವರು, ಸದರಿ ಪರರು ಸಂಕೀರ್ಣದ ಸದಸ್ಯತ್ವ ಕಾರ್ಡು ಹೊಂದಿರುವುದನ್ನು ಖಚಿತಪಡಿಸಿಕೊಂಡು, ಕಾರ್ಡಿನ ಸಂಖ್ಯೆಯನ್ನು ದೇವರಿಗೆ ಸ್ಪಷ್ಟವಾಗಿ ಓದಿ ಹೇಳತಕ್ಕದ್ದು.

6. ದೊಡ್ಡಮ್ಮನ ವಿವರಣೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ನೋಡಿ ಸಾಹೇಬ್ರೇ, ನಾನು ಯಾರಿಗೂ ಕೊಳ್ಳಬೇಡಿ ಅಂದಿಲ್ಲ. ನನ್ನ ಡಬ್ಬಿ ನೋಡ್ಕೊಂಡು ನಾನು ಸಾಕು ಅಂದೆ. ಅವರ ಡಬ್ಬಿ ಅವರಿಗೆ ಬಿಟ್ಟಿದ್ದು.” ಎಷ್ಟು ತಲೆ ಕೆರೆದುಕೊಂಡರೂ ಇದರಲ್ಲಿ ತಪ್ಪು ಸಿಗದ ಕಾರಣ, ಉತ್ತರ ಸಮಾಧಾನಕರವಾಗಿಲ್ಲವೆಂದು ಪರಿಗಣಿಸಲಾಗಿದೆ.

7. ಸ್ಥಳ ಪರಿಶೀಲನೆಗಾಗಿ ಈ ಕೆಳಗೆ ಸಹಿ ಮಾಡಿರುವ ಅಧಿಕಾರಿಯು ಸೆಕೆಂಡು ಎಣಿಸುವ ಗಡಿಯಾರ ಹಿಡಿದು ದೊಡ್ಡಮ್ಮನ ಎದುರು ಕುಳಿತರು. ಕಡತ ತಿರುವುತ್ತಾ ನಿಂತಲ್ಲೇ ಬಿಸ್ಕತ್ತು ತಿನ್ನುವ ಅವರು, ಮತ್ತೊಬ್ಬರ ಎದುರು ಊಟಕ್ಕೆ ಕುಳಿತು ವರ್ಷಗಳಾಗಿದ್ದವು. ದೊಡ್ಡಮ್ಮ ಕಣ್ಣು ಮುಚ್ಚಿದರು, ಗಡಿಯಾರ ಒತ್ತಲಾಯಿತು. “ತಂದೇ, ಈ ಸಾಹೇಬ್ರು ನನ್ನ ವಿಷಯಕ್ಕೇ ಓಡಾಡಿ ಓಡಾಡಿ ಊಟ ಬಿಟ್ಟಿದ್ದಾರೆ. ಮುಖ ಬಾಡಿದೆ ಪಾಪ. ಮೇಲಿನವರು ಬೈದ್ರೋ ಏನೋ, ಅವರನ್ನ ನೋಡ್ಕೋ. ಸ್ತೋತ್ರ. ನಮ್ಮಿಬ್ಬರಿಗೂ ಇಷ್ಟು ಸಾಕು.” ಅಧಿಕಾರಿಯ ಬಳಿ ಸದಸ್ಯತ್ವ ಕಾರ್ಡು ಇಲ್ಲದ್ದರಿಂದ ಇದು ನಿಯಮ 5ರ ಸ್ಪಷ್ಟ ಉಲ್ಲಂಘನೆ. ತರುವಾಯ ಒಂದು ತುಂಡು ಬ್ರೆಡ್ಡು ಮತ್ತು ಅರ್ಧ ಮೊಟ್ಟೆಯನ್ನು ಡಬ್ಬಿಯ ಮುಚ್ಚಳದಲ್ಲಿಟ್ಟು ಅಧಿಕಾರಿಯ ಕಡೆಗೆ ಸರಿಸಲಾಯಿತು. ಅಧಿಕಾರಿಯು ಅದನ್ನು ಕುಳಿತೇ ತಿಂದರು. ಪ್ರಾರ್ಥನೆಯ ವೇಳೆ ಪರದೆಯಲ್ಲಿ ಯಾವ ಜಾಹೀರಾತು ಇತ್ತೆಂದು ತಿಳಿದುಬಂದಿಲ್ಲ, ಏಕೆಂದರೆ ಮೇಜಿನ ಎರಡೂ ಬದಿಯ ಕಣ್ಣುಗಳು ಮುಚ್ಚಿದ್ದವು.

8. ಈ ಗಡಿಬಿಡಿಯಲ್ಲಿ ಗಡಿಯಾರ ನಿಲ್ಲಿಸಲು ಮರೆತುಹೋಗಿದ್ದು, ಎಣಿಕೆ ಇನ್ನೂ ನಡೆಯುತ್ತಿದೆ. ಎಣಿಕೆ ಪೂರ್ಣಗೊಳ್ಳದೆ ಅವಧಿ ಮೀರಿದೆಯೇ ಎಂದು ನಿರ್ಧರಿಸುವಂತಿಲ್ಲ. ನಿರ್ಧರಿಸದೆ ವರ್ಗಾವಣೆ ಆದೇಶಕ್ಕೆ ಸಹಿ ಹಾಕುವಂತಿಲ್ಲ. ಗಡಿಯಾರವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಲಾಗಿದೆ. ಕಾಲಕಾಲಕ್ಕೆ ಬ್ಯಾಟರಿ ಬದಲಾಯಿಸುವ ಹೊಣೆಯನ್ನು ಅಧಿಕಾರಿಯೇ ವಹಿಸಿಕೊಂಡಿರುತ್ತಾರೆ.

ಸಹಿ/-
ಅಧಿಕಾರಿ, ಗ್ರಾಹಕ ಚಲನವಲನ ವಿಭಾಗ
(ಸದ್ಯಕ್ಕೆ)

ಪ್ರತಿಗಳು:
– ಪರದೆ ಗುತ್ತಿಗೆದಾರರಿಗೆ, ತಾಳ್ಮೆಗಾಗಿ.
– ಸೂಟ್‌ಕೇಸು ಅಂಗಡಿಗೆ, ಸಾಂತ್ವನಕ್ಕಾಗಿ.
– ನೆಲಮಾಳಿಗೆಯ ಮೇಲ್ವಿಚಾರಕರಿಗೆ, ಯಾರನ್ನೂ ಎದುರು ನೋಡಬೇಡಿ ಎಂಬ ಕೋರಿಕೆಯೊಂದಿಗೆ.
– ದೊಡ್ಡಮ್ಮನಿಗೆ, ನಾಳೆಯಿಂದ ಮೊಟ್ಟೆ ಅಧಿಕಾರಿಯೇ ತರುತ್ತಾರೆಂಬ ಮಾಹಿತಿಗಾಗಿ. (ಈ ಪ್ರತಿಯಲ್ಲಿ ಸಿಪ್ಪೆ ಕಟ್ಟಬಹುದು.)
– ಕಚೇರಿ ಕಡತಕ್ಕೆ, ಒಂದು. ಸಾಕು.